ಜುಮಾದಿಗೆ ಒಂದು ಹನಿ

ಗೋಣಿಯ ಅಂಚಿನಿಂದ ನೀರು ತೊಟ್ಟಿಕ್ಕುವುದು ನಿಂತಿದೆ, ಇನ್ನೊಂದು ಚೆಂಬು ಹೊಯ್ಯಬೇಕು, ಪಗ್ಗು ತಿಂಗಳ ಸೆಕೆಯೆಂದರೆ ಹೀಗೆಯೇ, ಮಧ್ಯಾಹ್ನ ನೆನೆಸಿದ ಗೋಣಿ ಬಿಸಿಲು ಇಳಿಯುವ ಮೊದಲೇ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ, ಅದರಡಿಯ ಸೋಡಾ ಬಾಟ್ಲಿಗಳು ಬೆಚ್ಚಗಾದರೆ ಧಣಿ ರುಡೊಲ್ಫ್ ಪೊರ್ಬುಗಳ ಬಾಯಿಯೂ ಬಿಸಿಯಾಗುತ್ತದೆ, ಅದೂ ಇವತ್ತು — ದುಗ್ಗಪ್ಪ ಚೆಂಬು ಬಗ್ಗಿಸಿದ, ನೀರು ಗೋಣಿಗೆ ಇಳಿಯುವುದನ್ನು ನೋಡುತ್ತ ತನ್ನ ಬಲಗೈಯ ಉಂಗುರ ಬೆರಳನ್ನೂ ನೋಡಿದ, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ. ಕಂಕನಾಡಿಯ ರಸ್ತೆಯಲ್ಲಿ ಹಂಚು ಹೇರಿದ ಎತ್ತಿನ ಗಾಡಿಗಳು ಹೋಗುತ್ತಿವೆ, ಇನ್ನು ಕಾರ್ಖಾನೆ ಬಿಡುತ್ತದೆ, ಶರಾಬಿನ ಗಡಂಗಿನ ಬೆಂಚುಗಳು ತುಂಬುತ್ತವೆ, ಕೋರ್ಟು ಮುಗಿಸಿ ಕೊಡಿಯಾಲ್‌ಬೈಲಿನ ವಕೀಲರೂ ಬರುತ್ತಾರೆ. ಬಾರದೇ ಇದ್ದರೆ, ಬಾರದಿರುವುದು ಒಳ್ಳೆಯದೋ ಕೆಟ್ಟದ್ದೋ, ಬಾರದಿದ್ದರೂ ತಪ್ಪು ತನ್ನ ತಲೆಗೇ, ಪೊರ್ಬುಗಳು ಬೆಳಿಗ್ಗೆಯೇ ಹೇಳಿಯಾಗಿದೆ, ನೋಡು ದುಗ್ಗಪ್ಪ, ನಾನು ಅವರ ಮನೆಗೆ ಹೋಗಿ ಕೈಮುಗಿದು ಬಂದಿದ್ದೇನೆ, ಈ ಜಾಗದ ತಕರಾರು ಅವರ ಕೈಯಲ್ಲಿ ಉಂಟು, ಅವರು ಕೈಬಿಟ್ಟರೆ ನಾನು ಗಡಂಗು ಎತ್ತಬೇಕು, ಇವತ್ತು ಅವರ ಕಣ್ಣೆದುರಿಗೇ ನೀನು ಹೊಯ್ಯುತ್ತೀ, ನಿನ್ನ ಬೆರಳು ಗ್ಲಾಸಿನ ಹತ್ತಿರ ಹೋಯಿತೋ, ಹಾಗೆಯೇ ಗುರುಪುರದ ದಾರಿ ಹಿಡಿ ಮಾರಾಯ. ಗುರುಪುರದ ದಾರಿ ಹಿಡಿದು ಮಾಡುವುದೇನು, ಅಲ್ಲಿ ಇರುವುದು ಕಳ್ಳು ಇಳಿಸುವ ತಾಳೆಮರ, ಮರಕ್ಕೆ ಬೇಕಾದದ್ದು ಕಾಲು, ಒಂದು ಕಾಲು ಮೊಣಕಾಲಿನ ಕೆಳಗೆ ಸೊಟ್ಟಗೆ ಕೂಡಿಕೊಂಡಿದೆ, ಇಳಿಜಾರಿನಲ್ಲಿ ನಡೆಯುವಾಗಲೇ ಅದು ಬೇರೆ ಕಡೆಗೆ ಎಳೆಯುತ್ತದೆ. ಈ ಮೇಜಿನ ಹಿಂದೆ ನಿಂತವನ ಕಾಲನ್ನು ಯಾರೂ ನೋಡುವುದಿಲ್ಲ, ಅದೊಂದು ಸುಖ ಇಲ್ಲಿ, ಸೊಂಟದ ಮೇಲಿನ ಮನುಷ್ಯನಾಗಿ ನಿಂತುಕೊಂಡರೆ ಸಾಕು, ಬಾಟ್ಲಿ ಬಗ್ಗಿಸುವ ಕೈ ನಡುಗದಿದ್ದರೆ ಸಾಕು.

ಕೈ ನಡುಗುವುದಿಲ್ಲ, ಕೈ ಕಲಿತದ್ದನ್ನು ಬಿಡುವುದಿಲ್ಲ, ಅದೇ ಕಷ್ಟ — ಬಂದ ಹೊಸತರಲ್ಲಿ ರೈಲಿನ ದೊರೆ ಒಬ್ಬ ಬಿಯರು ಕೇಳಿದ್ದು, ಗ್ಲಾಸಿನ ಬಾಯಿಯವರೆಗೆ ನೊರೆ ಉಕ್ಕಿ ನಿಂತದ್ದು, ಕಳ್ಳಿನ ನೊರೆಯ ಅಡಿಯಲ್ಲಿ ಇರುವೆಯೋ ಜೇನುನೊಣವೋ ಇರುತ್ತದೆಂದು ಹುಟ್ಟಿದಂದಿನಿಂದ ಗೊತ್ತಿದ್ದವನು ಬಗ್ಗಿ ಊದಿಯೇ ಬಿಟ್ಟ, ನೊರೆಯೆಲ್ಲ ಹಾರಿ ದೊರೆಯ ಮೀಸೆಯ ಮೇಲೆ ಕುಳಿತಿತು, ಪುಣ್ಯಕ್ಕೆ ದೊರೆ ನಕ್ಕ, ಪೊರ್ಬುಗಳೂ ನಕ್ಕರು, ಬಾಟ್ಲಿಯ ಒಳಗೆ ಇರುವೆ ಹೋಗುವುದು ಹೇಗೆ ಮಾರಾಯ ಎಂದರು. ಆಗ ನಕ್ಕದ್ದೇ ತಪ್ಪಾಯಿತು, ಬೈದಿದ್ದರೆ ಕೈ ಹೆದರಿ ಅಂದೇ ಕಲಿಯುತ್ತಿತ್ತೋ ಏನೋ. ಇಲ್ಲ, ಇದು ಬೇರೆ, ಊದುವುದು ಅಭ್ಯಾಸ, ಹನಿ ಅಭ್ಯಾಸವಲ್ಲ, ಹನಿ ಮನೆಯ ದೈವ ಜುಮಾದಿಯದ್ದು, ಹೊಸ ಕಳ್ಳಿನ ಬುರುಡೆ ಬಾಯಿ ತೆರೆದರೆ ಮನುಷ್ಯನ ತುಟಿಗೆ ತಾಗುವ ಮೊದಲು ಬೆರಳಿನಲ್ಲಿ ಅದ್ದಿ, ಕಣ್ಣು ಮುಚ್ಚಿ, ಗಾಳಿಗೆ ಒಂದು ಹನಿ, ಅಪ್ಪ ಕೊಡುತ್ತಿದ್ದ, ಅಜ್ಜ ಕೊಡುತ್ತಿದ್ದ, ಕೊಡದೆ ಹತ್ತಿದ್ದು ಒಂದೇ ಸಲ. ಅವತ್ತು ಮದುವೆ ಮನೆಯವರು ಮರದ ಬುಡದಲ್ಲಿಯೇ ಕಾದು ನಿಂತಿದ್ದರು, ಬೇಗ ಮಾರಾಯ ಬೇಗ, ಇಳಿಸಿದ ಬುರುಡೆಯನ್ನು ಹಾಗೆಯೇ ಅವರ ಕೈಗೆ ಕೊಟ್ಟು ಪಕ್ಕದ ಮರಕ್ಕೆ ಕಾಲಿಟ್ಟದ್ದು, ಅರ್ಧದಲ್ಲಿ ನೆನಪಾದದ್ದು, ಅಯ್ಯೋ ಹನಿ, ಎಂದು ಕೆಳಗೆ ನೋಡಿದ್ದು, ನೋಡಿದ ಕ್ಷಣವೇ ಕಾಲಿಗೆ ಹಾಕಿದ ಹಗ್ಗದ ತಳೆ ಜಾರಿ ಬಿದ್ದದ್ದು. ಮರ ತಪ್ಪಲಿಲ್ಲ, ಕೈ ತಪ್ಪಲಿಲ್ಲ, ತಪ್ಪಿದ್ದು ಹನಿ ಒಂದೇ. ಆಮೇಲೆ ಒಂದು ಬಾಟ್ಲಿಗೂ ತಪ್ಪಿಸಿಲ್ಲ, ಸೀಸೆಯ ಬ್ರಾಂಡಿಯಾದರೇನು, ಸೀಮೆಯಿಂದ ಹಡಗಿನಲ್ಲಿ ಬಂದದ್ದಾದರೇನು, ಮೇಜಿನ ಅಡಿಗೆ, ಯಾರಿಗೂ ಕಾಣದ ಹಾಗೆ, ಸೊಟ್ಟ ಕಾಲಿನ ಹತ್ತಿರ ಒಂದು ಹನಿ. ಆದರೆ ವಕೀಲರದ್ದು ಪರದೆಯ ಹಿಂದಿನ ಕೋಣೆ, ಹೊಸ ಬಾಟ್ಲಿಯ ಮೊಹರನ್ನು ಅವರ ಮುಂದೆಯೇ ಒಡೆಯಬೇಕು, ಅಲ್ಲಿ ಮೇಜಿನ ಅಡಿ ಎಲ್ಲಿದೆ, ಮೊನ್ನೆ ಅವರು ನಶ್ಯದ ಡಬ್ಬಿಗೆ ಬಗ್ಗಿದ್ದಾರೆಂದು ಕಂಡು, ಈಗಲೇ ಎಂದು, ಅದ್ದಿ, ಕಣ್ಣು ಮುಚ್ಚಿ, ಹಾರಿಸಿದ. ಕಣ್ಣು ತೆರೆದಾಗ ವಕೀಲರು ತಮ್ಮ ಕಣ್ಣು ಹಿಡಿದುಕೊಂಡಿದ್ದರು.

ಕಣ್ಣು ಹಿಡಿದುಕೊಂಡು ಸುಮ್ಮನೆ ಕೂರಬಾರದಿತ್ತೇ, ತಾನು ಒಂದು ಬಟ್ಟೆ ಒದ್ದೆಮಾಡಿ ಕೊಡುತ್ತಿರಲಿಲ್ಲವೇ, ಅವರು ಕುರುಡರ ಹಾಗೆ ತಡವರಿಸುತ್ತ ಪರದೆಯನ್ನೇ ಕಿತ್ತುಕೊಂಡು ಹೊರಗೆ ಬಂದುಬಿಟ್ಟರು, ಹೊರಗಿನ ಬೆಂಚುಗಳಲ್ಲಿ ಅವರ ಕಕ್ಷಿಗಾರರೇ ಅರ್ಧ, ಎಲ್ಲರೂ ಎದ್ದು ನಿಂತು ಕೈಮುಗಿದರು, ನಗಲೂ ಇಲ್ಲ, ನಕ್ಕಿದ್ದರೆ ಪರವಾಗಿರಲಿಲ್ಲ, ಗ್ಲಾಸು ಕೆಳಗಿಟ್ಟು ಕೈಮುಗಿದರು, ಸಂಜೆಯೆಲ್ಲ ವಾಚನಾಲಯದಲ್ಲಿ ಇರುತ್ತೇನೆಂದು ತಾಯಿಗೆ ಹೇಳಿ ಬರುವ ಮನುಷ್ಯ, ಅಂಗವಸ್ತ್ರದಿಂದ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ಎಲ್ಲರನ್ನೂ ನೋಡಿದರು. ಆ ಕಣ್ಣು. ಹೆಂಡತಿ ಕುಶಲಾ ಕೇಳಿ ಬಾಯಿಗೆ ಕೈ ಇಟ್ಟುಕೊಂಡಳು, ಆಮೇಲೆ ಹೇಳಿದಳು, ಮನಸ್ಸಿನಲ್ಲಿಯೇ ಕೊಡಿ, ದೈವಕ್ಕೆ ಗೊತ್ತಾಗುತ್ತದೆ. ಮನಸ್ಸಿನಲ್ಲಿ ಕೊಟ್ಟದ್ದು ಗೊತ್ತಾಗುವುದಾದರೆ ಅವತ್ತು ಮರದ ಅರ್ಧದಲ್ಲಿ ನೆನೆಸಿಕೊಂಡದ್ದು ಗೊತ್ತಾಗಲಿಲ್ಲವಾ ಎಂದದ್ದಕ್ಕೆ ಅವಳು ಇವತ್ತು ಹೊರಡುವಾಗ ಬಾಳೆನಾರು ತಂದು ಬೆರಳಿಗೆ ಬಿಗಿಯಾಗಿ ಸುತ್ತಿದಳು, ಇದನ್ನು ನೋಡಿದರೆ ನೆನಪಾಗ್ತದೆ. ಪೊರ್ಬುಗಳು ಕಂಡದ್ದೇ ಎಂತ ಅದು, ಗಾಯವಾ, ಗಾಯದ ಕೈಯಲ್ಲಿ ಯಾರು ಕುಡಿಯುತ್ತಾರೆ ಎಂದು ಬಿಚ್ಚಿಸಿ ಎಸೆದರು. ಬೆರಳು ಈಗ ಬರಿದಾಗಿದೆ, ನಾರು ಸುತ್ತಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಒಂದು ಮಾತು ಕೇಳಿಯೂ ನೋಡಿದ್ದ, ಪೊರ್ಬುಗಳೇ, ಅವರು ಬರುವ ಮೊದಲೇ ಬಾಟ್ಲಿಯ ಮೊಹರು ಒಡೆದು ಇಡಲಾ, ಒಂದೇ ಹನಿ ಅಲ್ಲವಾ — ಒಡೆದ ಬಾಟ್ಲಿ ಇಟ್ಟರೆ ನೀರು ಬೆರೆಸಿದ್ದೇನೆ ಎನ್ನುವುದಿಲ್ಲವಾ ಅವರು, ನಿನ್ನ ಭೂತಕ್ಕೆ ಹೇಳು, ಇಲ್ಲಿ ಧಣಿ ನಾನು.

ಬೆಂಚುಗಳು ತುಂಬಿದ್ದು ಯಾವಾಗ, ಹಮಾಲಿ ಜಯ ಆಗಲೇ ಕುಳಿತು ಕಾಲು ಅಲ್ಲಾಡಿಸುತ್ತಿದ್ದಾನೆ, ದುಗ್ಗಪ್ಪಣ್ಣ, ಇವತ್ತು ಯಾರ ಕಣ್ಣಿಗೆ, ನಾನು ಕೊಡೆ ತರಬೇಕಿತ್ತಾ, ಸುಮ್ಮನೆ ಕುಡಿ ಮಾರಾಯ ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು, ಜಯನ ಕಾಲು ನಿಂತಿತು. ಪೊರ್ಬುಗಳು ಪರದೆ ಎತ್ತಿ ಹಿಡಿದರು, ವಕೀಲರು ಅತ್ತ ಹೋಗಲಿಲ್ಲ, ಇನ್ನು ಪರದೆ ಯಾಕೆ ರುಡೊಲ್ಫ್, ನೋಡುವವರು ನೋಡಿಯಾಯಿತು, ತಾಯಿಗೂ ಸುದ್ದಿ ಮುಟ್ಟಿಯಾಯಿತು, ಎಂದು ಸ್ಟೂಲು ಎಳೆದು ಮೇಜಿನ ಎದುರಿಗೇ ಕುಳಿತರು, ಇಷ್ಟು ಹತ್ತಿರ. ಉಜ್ಜಿ ಉಜ್ಜಿ ಹನಿ ಬಿದ್ದ ಕಣ್ಣು ಕೆಂಪಾಗಿದೆ, ಪಾರಿವಾಳದ ಕಣ್ಣಿನ ಹಾಗೆ, ಅಂಚಿನಲ್ಲಿ ನೀರು. ಬಾಟ್ಲಿ ತೆಗೆದದ್ದು, ಮೊಹರು ಒಡೆದದ್ದು, ಅವರು ತಲೆಯಾಡಿಸಿದ್ದು, ಗ್ಲಾಸಿನ ತಳದಲ್ಲಿ ಬ್ರಾಂಡಿ ಏರಿದ್ದು, ಸೋಡಾದ ಗೋಲಿ ಒತ್ತಿದ್ದು, ಒಂದು ತೊಟ್ಟೂ ಚೆಲ್ಲಲಿಲ್ಲ, ಬಾಟ್ಲಿ ಕೆಳಗಿಟ್ಟ, ಇನ್ನು ಗ್ಲಾಸನ್ನು ಮುಂದೆ ಸರಿಸುವುದೊಂದೇ, ಬೆರಳು ಗ್ಲಾಸಿನ ಅಂಚಿನ ಮೇಲೆ ಹೋಗಿ ನಿಂತಿದೆ, ಯಾವಾಗ ಹೋಯಿತು, ಪೊರ್ಬುಗಳ ಉಸಿರು ಬೆನ್ನಿಗೆ ತಾಗುತ್ತಿದೆ. ವಕೀಲರು ಬೆರಳನ್ನು ನೋಡಿದರು. ಎಂತ ದುಗ್ಗಪ್ಪ, ಇವತ್ತು ಇಲ್ಲವಾ, ಕೊಡುವುದಾದರೆ ಕೊಡು, ನಾನು ಕಣ್ಣು ಮುಚ್ಚಿಕೊಳ್ತೇನೆ — ಎಂದು ಒಳ್ಳೆಯ ಕಣ್ಣನ್ನು ಅಂಗೈಯಲ್ಲಿ ಮುಚ್ಚಿದರು, ಬೆಂಚುಗಳೆಲ್ಲ ನಕ್ಕವು, ಜಯ ತೊಡೆ ತಟ್ಟಿಕೊಂಡ, ಪೊರ್ಬುಗಳು ನಗಲಿಲ್ಲ. ಕೊಡು ಎಂದದ್ದು ತಮಾಷೆಗೋ, ಸಿಕ್ಕಿಸಲಿಕ್ಕೋ, ಅವರದ್ದೂ ದೈವ ನಂಬಿದ ಗುತ್ತಿನ ಮನೆಯಂತೆ, ಅವರ ಚಾವಡಿಯಲ್ಲಿಯೂ ದೈವದ ಮಂಚ ಉಂಟಂತೆ, ನಿಜವಾಗಿಯೇ ಕೊಡು ಎಂದರೋ, ಕೊಟ್ಟರೆ ನಾಳೆ ಎಲ್ಲಿ ನಿಲ್ಲುವುದು, ಕೊಡದಿದ್ದರೆ ಇರುವ ಇನ್ನೊಂದು ಕಾಲೂ ಹೋದೀತು, ಕುಶಲಾಳಿಗೆ ಏನು ಹೇಳುವುದು, ಹಿಂದಿನಿಂದ ಪೊರ್ಬುಗಳು ಗಂಟಲು ಸರಿಮಾಡಿಕೊಂಡರು, ಬೆರಳು ಮಡಚಿಕೊಂಡಿತು, ಬಾಯಿ ಹೇಳಿತು, ಬೇಡ ಧಣಿಗಳೇ, ಅದೆಲ್ಲ ನಾನು ಬಿಟ್ಟಿದ್ದೇನೆ.

ಹೇಳಿಯಾಯಿತು. ಒಂದು ಸಂಜೆಗೆ ಸುಮ್ಮನಿರುವುದು ಬೇರೆ, ಬಿಟ್ಟಿದ್ದೇನೆ ಎನ್ನುವುದು ಬೇರೆ, ಇದನ್ನು ಯಾರು ಹೇಳಿಸಿದರು, ಪೊರ್ಬುಗಳ ಕೈ ಹೆಗಲನ್ನು ಮೆಲ್ಲಗೆ ತಟ್ಟಿ ಹೋಯಿತು, ಒಳ್ಳೆಯದಾಯಿತು ಎನ್ನುವ ಹಾಗೆ, ನಾಳೆಯೂ ಬಾ ಎನ್ನುವ ಹಾಗೆ, ಬೆಂಚುಗಳ ನಗು ಯಾಕೆ ನಿಂತಿತು, ಜಯ ಯಾಕೆ ತನ್ನ ಗ್ಲಾಸಿನ ಒಳಗೆ ನೋಡುತ್ತಿದ್ದಾನೆ. ವಕೀಲರು ನಗುತ್ತಿಲ್ಲ, ಗ್ಲಾಸನ್ನು ಮುಟ್ಟುತ್ತಲೂ ಇಲ್ಲ, ಬಿಟ್ಟಿಯಾ, ಎಂದು ಕೇಳಿದರು, ಬಹಳ ಸಣ್ಣ ಸ್ವರದಲ್ಲಿ, ಊರಿನ ಹಿರಿಯರು ಕೇಳುವ ಹಾಗೆ, ಅಂಗೈ ಇನ್ನೂ ಒಳ್ಳೆಯ ಕಣ್ಣಿನ ಮೇಲೆಯೇ ಇದೆ, ಮರೆತಿದ್ದಾರೆ, ಕೈ ತೆಗೆಯಿರಿ ಧಣಿಗಳೇ ಎನ್ನಬೇಕು, ಮೇಜಿನ ಅಡಿಯಲ್ಲಿ ಸೊಟ್ಟ ಕಾಲು ತಣ್ಣಗಾಗುತ್ತಿದೆ, ಎದುರಿಗೆ ಆ ಒಂದೇ ಕಣ್ಣು, ಕೆಂಪು, ಒದ್ದೆ, ಜುಮಾದಿಯ ಮುಖವಾಡದ ಕಣ್ಣಿನ ಹಾಗೆ ತೆರೆದದ್ದು, ರೆಪ್ಪೆ ಬಡಿಯುವುದಿಲ್ಲ, ಈಗ ಬಡಿದೀತು, ಈಗ ಬಡಿದೀತು, ಬಡಿಯುವುದಿಲ್ಲ, ಕಣ್ಣು —