ಕಾಲಿಗೆ ಗೋಣಿತಾಟು

"ಏ ಮುಂಡೇದೇ, ಇಳಿಯೇ ಕೆಳಗೆ! ಹೊಳೆಯೋ ಕಲ್ಲಿನ ಮೇಲೆ ಡಾಂಬರು ಕಾಲು ಇಡ್ತಾ ಇದೀಯಲ್ಲ, ಕಣ್ಣು ಕಾಣಲ್ವಾ?"

ನಗರಸಭೆಯ ಜವಾನ ಕೋಲು ಎತ್ತಿಕೊಂಡೇ ಓಡಿಬಂದ. ನಾನು ಹತ್ತಿದ್ದು ಒಂದೇ ಮೆಟ್ಟಿಲು. ಕಾಲಿಗೆ ಕಟ್ಟಿದ ಗೋಣಿತಾಟಿನಿಂದ ಕಪ್ಪು ನೀರು ಇಳಿದು ಕಲ್ಲಿನ ಮೇಲೆ ಹೆಜ್ಜೆ ಮೂಡಿತ್ತು.

"ಒಳಗೆ ನನ್ನ ತಮ್ಮ ಇದಾನಪ್ಪಾ, ಮೆಂಬರು. ಸಭೆ ಯಾರು ಬೇಕಾದ್ರೂ ಕೇಳ್ಬೋದು ಅಂತ ಅವನೇ ಹೇಳಿದಾನೆ."

"ಯಾರು ಬೇಕಾದ್ರೂ ಅಂದ್ರೆ ನಿನ್ನಂಥೋರಲ್ಲ. ತಮ್ಮ ಮೆಂಬರಾದ್ರೆ ನಿನ್ನ ಕಾಲು ಶುದ್ಧ ಆಗೋಯ್ತಾ? ನಡಿ, ನಡಿ."

ಅವನ ಬಾಯಿಗೆ ಒಂದು ಬಾಂಡಲಿ ಬಿಸಿ ಜಲ್ಲಿ ಸುರಿಯೋಣ ಅನ್ನಿಸಿದರೂ, ತಮ್ಮನ ಮರ್ಯಾದೆ ಹೋದೀತು ಎಂದು ಹಲ್ಲು ಕಚ್ಚಿಕೊಂಡು ಇಳಿದೆ. ಥೂ, ಆ ಮರ್ಯಾದೆಗಾಗಿ ಎಷ್ಟು ನುಂಗಿದ್ದೇನೋ!

ಅವತ್ತು ನಮ್ಮ ಗುಂಪು ನಗರಸಭೆಯ ಮುಂದಿನ ರಸ್ತೆಗೇ ಡಾಂಬರು ಹಾಕುತ್ತಿತ್ತು. ಗೇಟಿನ ಮುಂದಿನ ಜಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿಯುತ್ತ ಬಂದಿತ್ತು. "ಅಲ್ಲಿ ಈಗ್ಲೇ ಹಾಕ್ಬೇಡ್ರೋ, ಸಾಹೇಬ್ರುಗಳು ಹೊರಟ್ಮೇಲೆ ಹಾಕೋಣ. ಅವ್ರ ಬೂಟಿಗೆ ಅಂಟಿದ್ರೆ ನನ್ನ ಚರ್ಮ ಸುಲೀತಾರೆ" ಅಂದಿದ್ದ ಮೇಸ್ತ್ರಿ. ನಮ್ಮ ಪಾದದ ಚರ್ಮ ಸುಲಿಯುತ್ತಲೇ ಇರುತ್ತದೆ, ಅದಕ್ಕೆ ಅವನು ಯಾವತ್ತೂ ಕೆಲಸ ನಿಲ್ಲಿಸಿದವನಲ್ಲ.

ನಮಗೆ ಬೂಟಿಲ್ಲ. ಗೋಣಿಚೀಲ ಹರಿದು, ನೀರಲ್ಲಿ ನೆನೆಸಿ, ಪಾದಕ್ಕೆ ಸುತ್ತಿ ಹುರಿಯಿಂದ ಬಿಗಿಯುತ್ತೇವೆ. ಗಂಟು ಹೊರಮಗ್ಗುಲಿಗೇ ಬರಬೇಕು. ಒಳಮಗ್ಗುಲಿಗೆ ಬಂದರೆ ಒಂದು ಕಾಲಿಗೆ ಇನ್ನೊಂದು ಕಾಲು ಸಿಕ್ಕಿ ಬಿಸಿ ಡಾಂಬರಿನ ಮೇಲೆ ಮುಗ್ಗರಿಸುತ್ತೇವೆ. ತಮ್ಮನಿಗೂ ಮೊದಲ ದಿನ ಕಟ್ಟಿದವಳು ನಾನೇ. ಓಟಿಗೆ ನಿಲ್ಲುವ ತನಕ ಅವನೂ ನಮ್ಮ ಜೊತೆಗೇ ಬಾಂಡಲಿ ಹೊತ್ತವನು. ಗೆದ್ದಾಗ ಗುಂಪಿನವರೆಲ್ಲ ಸೇರಿ ಒಂದು ಜೊತೆ ಬೂಟು ಕೊಡಿಸಿದೆವು. ನಮ್ಮೋನು ಸುಟ್ಟ ಕಾಲಲ್ಲಿ ಸಭೆಗೆ ಹೋಗಬಾರದು ಅಂತ.

ಸಭೆಯಲ್ಲಿದ್ದದ್ದು ಒಂದೇ ಮಾತು. ಊರಿನ ರಸ್ತೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು? ದೊಡ್ಡ ಅಂಗಡಿ, ದೊಡ್ಡ ಕಟ್ಟಡಗಳ ತೆರಿಗೆ ಏರಿಸಬೇಕು, ಇಲ್ಲವೇ ನಮ್ಮ ಗುಡಿಸಲುಗಳಿರುವ ನಗರಸಭೆಯ ಜಾಗ ಮಾರಬೇಕು. ಮೆಂಬರುಗಳು ಅರ್ಧ ಆ ಕಡೆ, ಅರ್ಧ ಈ ಕಡೆ. ಎಲ್ಲ ನಿಂತಿದ್ದು ತಮ್ಮನ ಕೈಮೇಲೆ. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಅವನೇ ಅಂದಿದ್ದ, "ಮಾರೋದಕ್ಕೆ ನನ್ನ ಕೈ ಏಳಲ್ಲ ಅಕ್ಕಾ. ಎದ್ರೆ ಕತ್ತರಿಸಿ ಹಾಕು."

ರಸ್ತೆ ಬದಿಯ ಕಿಟಕಿ ತೆರೆದಿತ್ತು. ಪೊರಕೆ ಹಿಡಿದುಕೊಂಡೇ ಸರಳಿಗೆ ಮುಖ ಒತ್ತಿ ನಿಂತೆ. ಒಳಗೆ ಫ್ಯಾನು, ಬಿಸ್ಕತ್ತು, ನಗು.

"ರಸ್ತೆ ಎಲ್ಲರದ್ದು," ಅಧ್ಯಕ್ಷರು ಹೇಳುತ್ತಿದ್ದರು. "ಯಾರಾದ್ರೂ ಸ್ವಲ್ಪ ತ್ಯಾಗ ಮಾಡ್ಲೇಬೇಕಾಗುತ್ತೆ. ಜಾಗ ಮಾರಾಟಕ್ಕೆ ಒಪ್ಪೋರು ಕೈ ಎತ್ತಿ."

ತಮ್ಮ ನನ್ನನ್ನು ನೋಡಿದ. ಖಂಡಿತ ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ಕೈ ಮೊದಲು ಹೆಗಲವರೆಗೆ ಬಂತು, ಅಧ್ಯಕ್ಷರು ಅತ್ತ ತಿರುಗಿದ ಕೂಡಲೇ ಪೂರ್ತಿ ಮೇಲಕ್ಕೆ ಹೋಯಿತು.

"ಏನಾಯ್ತವ್ವಾ? ನಮ್ಮುಡ್ಗ ಏನಂದ?" ಹಿಂದಿನಿಂದ ಗೂರಲಣ್ಣ ಕೇಳಿದ. ಡಾಂಬರಿನ ಹೊಗೆ ಕುಡಿದು ಕುಡಿದು ಉಬ್ಬಸ ಹತ್ತಿದ ಮುದುಕ, ಆ ಹೆಸರೇ ಉಳಿದಿದೆ.

"ಕೈ ಎತ್ತಿದ."

"ಯಾವುದಕ್ಕೆ?"

"ಮಾರೋದಕ್ಕೆ."

ಗೂರಲಣ್ಣ ಸಲಿಕೆ ಊರಿಕೊಂಡು ಕೂತುಬಿಟ್ಟ. "ಗೆದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ಕುಣಿದಿದ್ನಲ್ಲೇ ನಾನು! ಈ ಹೆಗಲ ಮೇಲೆ!"

ಬೇರೆ ಯಾವ ಬೋಳಿಮಗ ಎತ್ತಿದ್ದರೂ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಇವನು ನನ್ನ ಬೆನ್ನ ಮೇಲೆ ಬೆಳೆದವನು. ಮಾರುವ ನೆಲದ ಗುಡಿಸಲಲ್ಲೇ ಅವ್ವ ಮಲಗಿದ್ದಾಳೆ, ಕಾಲು ಸ್ವಾಧೀನವಿಲ್ಲದೆ. ಆ ನೆಲ ಮಾರಿ ಬಂದ ದುಡ್ಡಲ್ಲಿ ಇವರು ಹಾಕಿಸುವ ರಸ್ತೆಗೂ ಜಲ್ಲಿ ಹೊರಬೇಕಾದವರು ನಾವೇ.

"ಏಳು ಗೂರಲಣ್ಣ," ಅಂದೆ. "ಗೇಟಿನ ಮುಂದೆ ಉಳಿದೈತಲ್ಲ, ಹಾಕೋಣ."

ಅವನು ನನ್ನ ಮುಖ ನೋಡಿ ಎದ್ದ. ಗುಂಪು ಸಾಲುಗಟ್ಟಿತು. ಬಾಂಡಲಿ ಮೇಲೆ ಬಾಂಡಲಿ, ಹೊಗೆಯಾಡುವ ಜಲ್ಲಿ ಗೇಟಿನುದ್ದಕ್ಕೂ ಬಿತ್ತು.

"ಯಾವಳೇ ಅವ್ಳು? ತಲೆ ಕೆಟ್ಟೈತಾ ನಿಮ್ಗೆ?" ಮೇಸ್ತ್ರಿ ಬಾಯಿ ಬಡಿದುಕೊಂಡ.

"ಕೆಲಸ ಮಾಡ್ತಿದೀವಿ ಮೇಸ್ತ್ರಿ. ದಿನಾ ಬೇಗ ಬೇಗ ಅಂತ ಪ್ರಾಣ ತಿಂತಿದ್ಯಲ್ಲ."

ಸಭೆ ಮುಗಿದು ಬೂಟುಗಳೆಲ್ಲ ಗೇಟಿನ ಹತ್ತಿರ ಬಂದು ನಿಂತವು. ಸುತ್ತ ಎತ್ತರದ ಗೋಡೆ, ಹೊರಬೀಳಲು ಬೇರೆ ದಾರಿಯಿಲ್ಲ. "ಏನ್ರೀ ಇದು?" ಅಧ್ಯಕ್ಷರು ತಮ್ಮನ ಕಡೆ ತಿರುಗಿದರು. "ನಿಮ್ಮ ಜನ ಅಲ್ವಾ? ಹೇಳ್ರೀ ಅವ್ರಿಗೆ."

ತಮ್ಮ ಡಾಂಬರಿನ ಅಂಚಿನವರೆಗೆ ಬಂದು ದನಿ ತಗ್ಗಿಸಿದ. "ಅಕ್ಕಾ, ಮಾನ ಕಳೀಬೇಡ. ನಿಂಗೂ ಅವ್ವಂಗೂ ಒಂದು ಮನೆ ಕೊಡಿ ಅಂತ ಮಾತಾಡಿದೀನಿ. ಹಲಗೆ ಹಾಕ್ಸು, ದಾಟ್ತೀವಿ."

"ಗಟ್ಟಿಯಾಗಿ ಹೇಳೋ. ಗೂರಲಣ್ಣಂಗೆ ಕೇಳಿಸ್ಲಿಲ್ಲ. ಯಾರ್ಯಾರಿಗೆ ಮನೆ?"

ಅವನು ಹಿಂದೆ ತಿರುಗಿ ಅಧ್ಯಕ್ಷರ ಮುಖ ನೋಡಿದ.

ಅಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಕಾಲಿನ ಗಂಟು ಬಿಚ್ಚಿದೆ. ಎರಡೂ ಗೋಣಿತಾಟು ಹುರಿಯ ಸಮೇತ ಮುದ್ದೆ ಮಾಡಿ ಡಾಂಬರಿನಾಚೆ ಎಸೆದೆ. ಅವನ ಬೂಟಿನ ಮೇಲೆಯೇ ಬಿದ್ದವು.

"ಕಟ್ಕೊಂಡು ದಾಟ್ಕೊಂಡ್ ಬಾರೋ. ಗಂಟು ಹೊರಗಡೆ ಬರ್ಲಿ."

ಎದ್ದು ನಿಂತೆ. ಬರಿಗಾಲಿನ ಅಡಿಯಲ್ಲಿ ಹೊಸ ರಸ್ತೆ ಸುಡುತ್ತಿತ್ತು, ನಾನು ಜರುಗಲಿಲ್ಲ. ಗುಂಪಿನವರು ಬಾಂಡಲಿ ಕೆಳಗಿಟ್ಟು ನೋಡುತ್ತಿದ್ದರು. "ಹಲಗೆ ತರ್ಸ್ರೀ, ಪೊಲೀಸ್ನೋರ್ನ ಕರೀರೀ" ಅಂತ ಒಳಗಿನಿಂದ ಕೂಗು ಎದ್ದಿತು. ತಮ್ಮ ಬಗ್ಗಿ ಒಂದು ತಾಟು ಎತ್ತಿಕೊಂಡ, ಬೂಟಿನ ಮೇಲೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಹುರಿ ಕೈಯಲ್ಲಿ ಹಿಡಿದು, ಮೊದಲ ದಿನ ನೋಡಿದ ಹಾಗೆಯೇ ನನ್ನ ಕಡೆ ನೋಡಿದ.

ಕಟ್ಟಿಕೊಡಲು ನಾನು ಹೋಗಲಿಲ್ಲ.