ಪೂರ್ವದ ಮೆಟ್ಟಿಲಿನ ಕಂಬಿ

"ಕಿಟಕಿ ಮುಚ್ಚು ಅಂದ್ನಲ್ಲ!" ಎಂದು ಬೆಸುಗೆಯಣ್ಣ ಕೂಗಿದ.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹೊರಗಿನ ಗದ್ದಲ ಒಳಗೆ ನುಗ್ಗಿ, ಗೋಡೆಯ ಕ್ಯಾಲೆಂಡರನ್ನು ಅಲುಗಿಸಿ ಹೋಗಿತ್ತು. ಸಾವಿರಾರು ಜನ ಒಂದೇ ಉಸಿರಿಗೆ ಕೂಗಿದ ಸದ್ದು. ಟೀವಿಯಲ್ಲಿ ಮಾತ್ರ ಇನ್ನೂ ಏನೂ ಆಗಿರಲಿಲ್ಲ. ನೀಲಿ ಅಂಗಿಯ ಆಟಗಾರನೊಬ್ಬ ಚೆಂಡಿನ ಮೇಲೆ ಕಾಲಿಟ್ಟು, ಯಾರಿಗೆ ಕೊಡಲಿ ಎಂದು ಆಚೀಚೆ ನೋಡುತ್ತಿದ್ದ. ಬೆಸುಗೆಯಣ್ಣ ಬೆರಳು ಮಡಚುತ್ತ ಎಣಿಸಿದ. ಒಂಬತ್ತಕ್ಕೆ ಸರಿಯಾಗಿ ಚೆಂಡು ಬಲೆಗೆ ಬಿತ್ತು.

"ನೋಡು. ಒಂಬತ್ತು ಸೆಕೆಂಡು ತಡ. ಹಳಸಿದ್ದನ್ನ ಬಡಿಸ್ತಾರೆ ಈ ಡಬ್ಬಿಯವರು."

"ಬಿಸೀದೇ ಬೇಕಿದ್ರೆ ಎದ್ದು ಹೋಗಿ. ನಾನೂರು ಹೆಜ್ಜೆ."

"ಆ ಮೈದಾನಕ್ಕೆ ಕಾಲಿಡಲ್ಲ ಅಂದಿದೀನಿ."

"ಕಿವಿ ಮಾತ್ರ ಅಲ್ಲೇ ಇಟ್ಟಿದೀರಲ್ಲ" ಎಂದಳು ಹೆಂಡತಿ. "ಸೆಕೆಗೆ ನಾನು ಬೆಂದುಹೋಗ್ತಿದೀನಿ. ಕಿಟಕಿ ತೆರೆದೇ ಇರುತ್ತೆ."

ತಮ್ಮ ತಂಡ ಗೋಲು ಹೊಡೆದಿತ್ತು. ಬೆಸುಗೆಯಣ್ಣನ ಮುಖದಲ್ಲಿ ಸಂತೋಷದ ಗೆರೆಯೊಂದೂ ಮೂಡಲಿಲ್ಲ. ಮೂರು ತಿಂಗಳಿಂದ ಅವನ ಮುಖ ಹೀಗೇ, ಆರಲು ಬಿಟ್ಟು ಮರೆತ ಬಟ್ಟೆಯ ಹಾಗೆ ಬಿರುಸಾಗಿ ಹೋಗಿತ್ತು.

ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ ಮಾಡುವುದು ಅವನ ಕೆಲಸ. ಯಾರ ಮನೆಗೆ ಹೋದರೂ ಕರೆಗಂಟೆ ಒತ್ತುವ ಮೊದಲು ಬೀಗದ ಕೈಯಿಂದ ಗೇಟಿಗೆ ಒಂದು ಏಟು ಕೊಟ್ಟು ಕಿವಿಗೊಡುತ್ತಿದ್ದ. ವೈದ್ಯರು ಬೆನ್ನು ತಟ್ಟಿ ನೋಡುವಂತೆ. 'ಠಣ್' ಎಂದರೆ ಆರೋಗ್ಯ, 'ದಪ್' ಎಂದರೆ ಒಳಗೆ ತುಕ್ಕು ತಿಂದಿದೆ. ಅವನ ಮಟ್ಟಿಗೆ ಕಬ್ಬಿಣ ಸುಳ್ಳು ಹೇಳದ ಜೀವ. ಭಗವಂತ ಅದಕ್ಕೆ ಬಾಯಿ ಕೊಡದೆ ಸ್ವರವೊಂದನ್ನೇ ಕೊಟ್ಟಿದ್ದಾನೆ ಎಂದು ನಂಬಿದ್ದ.

ಮೈದಾನದ ಪೂರ್ವದಿಕ್ಕಿನ ಸಿಮೆಂಟು ಮೆಟ್ಟಿಲು, ಕೆಳಗಿನಿಂದ ಮೂರನೇ ಸಾಲು. ಮೂವತ್ತೆಂಟು ವರ್ಷದಿಂದ ಅದು ಅವನದೂ ಅವನ ಅಕ್ಕನದೂ ಜಾಗ. ಏಳು ವರ್ಷದವನಿದ್ದಾಗ ಅವನ ಕೈ ಹಿಡಿದು ಅಲ್ಲಿಗೆ ಮೊದಲು ಕರೆದೊಯ್ದವಳೇ ಅಕ್ಕ. ಬಸ್ ನಿಲ್ದಾಣಕ್ಕೆ ಮೈಕು ಬರುವ ಮೊದಲು ಬಸ್ಸುಗಳ ಹೆಸರನ್ನು ಬಾಯಲ್ಲೇ ಕೂಗುವ ಕೆಲಸ ಅವಳದಾಗಿತ್ತು. ಮೆಟ್ಟಿಲಿನವರೆಲ್ಲ ಅವಳನ್ನು ಗಂಟಲಕ್ಕ ಎನ್ನುತ್ತಿದ್ದರು. ಅವಳು ಬೈದರೆ ಆಚೆ ತುದಿಯಲ್ಲಿ ಗೋಲು ಕಾಯುವ ಗೋಲಿಯೂ ತಿರುಗಿ ನೋಡುತ್ತಾನೆ ಎಂಬುದು ಅಲ್ಲಿನವರ ತಮಾಷೆ.

ಈ ಸಲ ಆಟಗಳು ಶುರುವಾಗುವ ಮೊದಲು ಕ್ಲಬ್ಬಿನವರು ಕಂಬಿಗಳಿಗೆಲ್ಲ ಹೊಸ ನೀಲಿ ಬಣ್ಣ ಬಳಿಸಿದರು. ಮೊದಲ ದಿನ ಬೆಸುಗೆಯಣ್ಣ ರೂಢಿಯಂತೆ ಬೀಗದ ಕೈ ತೆಗೆದು ಮೆಟ್ಟಿಲಿನ ಮುಂದಿನ ಕಂಬಿಗೆ ಬಡಿದ. 'ದಪ್' ಎಂದಿತು. ಇನ್ನೊಂದು ಕಡೆ ಬಡಿದ. 'ದಪ್'. ಅದರಾಚೆ ಒಂದಾಳುದ್ದ ಕೆಳಗೆ ಓಡಾಡುವ ದಾರಿ.

"ಹೊಸ ಬಣ್ಣ ಕಣ್ರೀ, ಕಾಣಲ್ವಾ?" ಎಂದಿದ್ದ ಮೇಲ್ವಿಚಾರಕ.

"ಕಾಣೋದು ಬಣ್ಣ. ನಾನು ಹೇಳ್ತಿರೋದು ಒಳಗಿಂದು."

"ನೀವು ಆಟ ನೋಡೋಕೆ ಬಂದಿದೀರೋ ಕಬ್ಬಿಣ ನೋಡೋಕೋ?"

ಎರಡನೇ ಸಲ ದೂರು ಬರೆದುಕೊಟ್ಟ. ಮೂರನೇ ಸಲ ಯಾರೂ ಒರಗದಿರಲೆಂದು ತಾನೇ ಕೆಂಪು ಬಟ್ಟೆ ತಂದು ಕಂಬಿಯುದ್ದಕ್ಕೂ ಕಟ್ಟಿದ. ಆ ಬಟ್ಟೆ ಕೆಳಗಿನ ಜಾಹೀರಾತಿನ ಹಲಗೆಯ ಮೇಲೆ ಇಳಿಬಿದ್ದು ಟೀವಿ ಕ್ಯಾಮೆರಾಕ್ಕೆ ಅರ್ಧ ಅಕ್ಷರ ಕಾಣದಾಯಿತು. ಹತ್ತು ನಿಮಿಷದೊಳಗೆ ಇಬ್ಬರು ಕಾವಲುಗಾರರು ಬಂದು, ಎಲ್ಲರ ಮುಂದೆ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮತ್ತೆ ಒಳಗೆ ಬಿಡಬಾರದೆಂದು ಅವನ ಫೋಟೋ ಗೇಟಿನಲ್ಲಿ ಅಂಟಿಸಿದರು.

ಅಂದು ಸಂಜೆ ಅವನು ಅಕ್ಕನ ಮನೆಗೆ ಹೋಗಿ ನಿಂತ. "ನೀನೂ ಇನ್ನು ಹೋಗಬೇಡ. ಮನೇಲೇ ಕೂತು ನೋಡು."

"ಮನೇಲಿ ಕೂತು ಯಾರಿಗೆ ಅಂತ ಕೂಗಲಿ? ಟೀವಿಗೆ ಕಿವಿ ಇದೆಯಾ?"

"ನನ್ನನ್ನ ಕಳ್ಳನ ಥರ ಎಳ್ಕೊಂಡು ಹೋದ್ರು. ನೀನು ಕೂತ ಜಾಗದಿಂದ ಎದ್ದೇಳಲಿಲ್ಲ."

"ಎದ್ದಿದ್ರೆ ನನ್ನನ್ನೂ ಎಳೀತಿದ್ರು. ಇಬ್ಬರೂ ಹೊರಗಾದ್ರೆ ಒಳಗೆ ಯಾರಿರ್ತಾರೋ, ದಡ್ಡ?"

"ಜಾಗ ಮುಖ್ಯ ನಿನಗೆ, ತಮ್ಮ ಅಲ್ಲ. ಆಯ್ತು, ಅಲ್ಲೇ ಬಿದ್ದು ಸಾಯಿ!"

ಆ ಮಾತು ಬೆಸುಗೆಯ ಕಿಡಿಯಂತೆ ಹಾರಿತ್ತು. ಕಿಡಿ ಬಿದ್ದ ಜಾಗ ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ತೋಳಿನ ತುಂಬ ಅಂಥ ಕಲೆಗಳಿದ್ದವು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. ಅಕ್ಕನೂ ಬಾಗಿಲು ಹಾಕಿಕೊಂಡಳು. ಮೂರು ತಿಂಗಳು ಮಾತಿಲ್ಲ.

ಈಗ ಟೀವಿಯಲ್ಲಿ ಎದುರಾಳಿಯೊಬ್ಬ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ. "ನಾಟಕ" ಎಂದು ಬೆಸುಗೆಯಣ್ಣ ಗೊಣಗಿದ. ತಟ್ಟೆಯ ತಿಂಡಿ ತಣ್ಣಗಾಗಿತ್ತು.

ಆಗ ಕಿಟಕಿಯಿಂದ ಸದ್ದು ಬಂತು. ಮೊದಲು 'ಓ' ಎಂಬ ಏರುದನಿ. ಚೆಂಡು ಗೋಲುಕಂಬಕ್ಕೆ ಬಡಿದು ವಾಪಸಾದಾಗ ಬರುವ ದನಿ ಅದು. ಮೂವತ್ತೆಂಟು ವರ್ಷ ಕೇಳಿದ ಕಿವಿಗೆ ತಪ್ಪುವಂತಿರಲಿಲ್ಲ. ಅದು ನಿಟ್ಟುಸಿರಾಗಿ ಇಳಿಯಬೇಕಿತ್ತು. ಇಳಿಯಲಿಲ್ಲ. ಪೂರ್ವದ ಕಡೆಯಿಂದ ಯಾರೋ ಅದನ್ನು ಕತ್ತಿಯಿಂದ ತುಂಡರಿಸಿದ ಹಾಗಾಯಿತು. ಆಮೇಲೆ ಬಂದದ್ದು ಚೀರಾಟ. ಅದರ ನಡುವೆ, ಬಲು ಸಣ್ಣಗೆ, ಕಬ್ಬಿಣ ಸಿಮೆಂಟಿಗೆ ಬಿದ್ದ 'ದಪ್'.

ಟೀವಿಯಲ್ಲಿ ಬಿದ್ದಿದ್ದವನು ಎದ್ದು ಚಡ್ಡಿ ಕೊಡವಿಕೊಂಡ. ಚೆಂಡು ಹಸಿರಿನ ಮೇಲೆ ನೆಮ್ಮದಿಯಾಗಿ ಉರುಳಿತು. ಗೋಲುಕಂಬದ ಹಿಂದೆ ಪೂರ್ವದ ಮೆಟ್ಟಿಲು, ಅಲ್ಲಿ ಬೆಂಕಿಕಡ್ಡಿಯ ತಲೆಗಳಷ್ಟು ಚಿಕ್ಕದಾಗಿ ಜನ. ಎಲ್ಲರೂ ಕುಣಿಯುತ್ತ ಕೈ ಬೀಸುತ್ತಿದ್ದರು. ಅವರಿಗಿನ್ನೂ ಏನೂ ಆಗಿರಲಿಲ್ಲ. ಕಂಬಿ ನೆಟ್ಟಗೆ, ನೀಲಿಯಾಗಿ ನಿಂತಿತ್ತು.

"ಒರಗಬೇಡ್ರೋ!" ಎಂದು ಬೆಸುಗೆಯಣ್ಣ ಪರದೆಗೆ ಕೂಗಿದ. ಅವನ ಎರಡು ಕೈಯೂ ಟೀವಿಯ ಅಂಚನ್ನು ಹಿಡಿದಿದ್ದವು. "ಅಕ್ಕಾ, ಹಿಂದೆ ಸರಿ!"

"ಯಾಕ್ರೀ? ಏನಾಯ್ತು?" ಹೆಂಡತಿ ಹೆದರಿದಳು.

ನಾಲ್ಕು, ಐದು. ದೇವರೇ, ನಾನಾಡಿದ ಮಾತನ್ನು ಕೇಳಿಸಿಕೊಂಡಿರಬೇಡ. ಆರಕ್ಕೆ ಅವನು ಬಾಗಿಲು ದಾಟಿದ್ದ. ಒಂಬತ್ತನೆಯದನ್ನು ಅವನು ನೋಡಲಿಲ್ಲ.

ಒಂದು ಕಾಲಿನ ಚಪ್ಪಲಿ ಓಣಿಯ ತಿರುವಿನಲ್ಲಿ ಬಿಟ್ಟುಹೋಯಿತು. ಗೇಟಿನ ಕಾವಲುಗಾರ ಫೋಟೋವನ್ನೂ ಅವನ ಮುಖವನ್ನೂ ನೋಡಿ ಅಡ್ಡ ಬಂದ. "ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ. ಟಿಕೆಟ್ಟೂ ಇಲ್ಲ."

"ನನ್ನ ರಟ್ಟೆ ಹಿಡಿದವನು ನೀನೇ ಅಲ್ವಾ? ಇವತ್ತು ಹಿಡಿ ನೋಡೋಣ."

ಕಾವಲುಗಾರ ಅವನ ಕಣ್ಣು ನೋಡಿ ಕೈ ಹಿಂದೆ ತೆಗೆದ. ಅಷ್ಟರಲ್ಲಿ ಒಳಗಿನಿಂದ ಒಬ್ಬನನ್ನು ಹಲಗೆಯ ಮೇಲೆ ಹೊತ್ತು ತಂದರು. ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಹಿಂದೆ ಇನ್ನೊಬ್ಬ, ತೋಳು ಎದೆಗೆ ಒತ್ತಿಕೊಂಡು, ಅವನ ಹಿಂದೆ ಹಣೆ ಒಡೆದ ಮತ್ತೊಬ್ಬ. ಅಕ್ಕ ಇರಲಿಲ್ಲ.

ಪೂರ್ವದ ಮೆಟ್ಟಿಲಿನ ಕಂಬಿಯಲ್ಲಿ ಎರಡು ಮಾರು ಅಗಲದ ಬಾಯಿ ಬಿದ್ದಿತ್ತು. ಕೆಳಗಿನ ದಾರಿಯಲ್ಲಿ ಮುರಿದ ಕೊಳವೆ ಬಿದ್ದಿತ್ತು. ಮೇಲ್ವಿಚಾರಕ ಕೆಂಪು ಪಟ್ಟಿಯ ಸುರುಳಿ ಹಿಡಿದು ನಿಂತು ಫೋನಿನಲ್ಲಿ ಹೇಳುತ್ತಿದ್ದ: "ಇಲ್ಲ ಸಾರ್, ಜನ ಜಗ್ಗಿದಾರೆ. ಕಂಬಿ ಚೆನ್ನಾಗೇ ಇತ್ತು. ಮೊನ್ನೆ ತಾನೇ ಬಣ್ಣ ಹೊಡೆಸಿದ್ದು."

ಬೆಸುಗೆಯಣ್ಣ ಬಗ್ಗಿ ಕೊಳವೆಯ ತುಂಡನ್ನೆತ್ತಿಕೊಂಡ. ಹೊಡೆದುಬಿಡುತ್ತಾನೆಂದೇ ಸುತ್ತಲಿನವರು ತಿಳಿದರು. ಅವನಿಗೂ ಹಾಗೇ ಅನ್ನಿಸಿತ್ತು. ತೋಳು ಭುಜದವರೆಗೆ ಎದ್ದಿತ್ತು. ಎದ್ದ ತೋಳನ್ನು ಹಾಗೇ ವಾಲಿಸಿ ಕೊಳವೆಯನ್ನು ಬೋರಲು ಹಾಕಿದ. ಒಳಗಿನಿಂದ ಕೆಂಪು ಪುಡಿ ಧಾರೆಯಾಗಿ ಸುರಿದು ಮೇಲ್ವಿಚಾರಕನ ಬಿಳಿ ಅಂಗಿಯ ಎದೆ, ಹೊಟ್ಟೆ, ಹೊಳೆಯುವ ಬೂಟುಗಳನ್ನು ಮುಚ್ಚಿತು.

"ಇದೂ ಜನ ಜಗ್ಗಿದ್ದಾ?" ಎಂದ. "ಹೇಳು ಅವರಿಗೆ ಫೋನಲ್ಲಿ. ಯಾವ ಬಣ್ಣ ಅಂತ ಹೇಳು! ಈಗ ಸಿಕ್ತಾ ಕೆಂಪು ಪಟ್ಟಿ? ನಾನು ಕಟ್ಟಿದಾಗ ಜಾಹೀರಾತಿಗೆ ಅಡ್ಡ ಬಂದಿತ್ತಲ್ಲ?"

ಮೇಲ್ವಿಚಾರಕ ಅಂಗಿ ಕೊಡವಿಕೊಂಡ. ಫೋನಿನೊಳಗೆ ಯಾರೋ ಹಲೋ ಹಲೋ ಎನ್ನುತ್ತಿದ್ದರು.

"ಬೆಸುಗೆಯಣ್ಣಾ, ಇಲ್ಲಿ!" ಮೇಲಿನಿಂದ ಕರೆದವನು ಅಕ್ಕ-ತಮ್ಮನ ಹಿಂದಿನ ಸಾಲಿನಲ್ಲಿ ಕೂರುವ ಅಂಚೆಯವನು. ಅವನ ಪಕ್ಕದಲ್ಲಿ, ಮೂರನೇ ಸಾಲಿನಲ್ಲಿ, ತನ್ನ ಜಾಗದಲ್ಲೇ ಅಕ್ಕ ಕೂತಿದ್ದಳು. ಮಡಿಲಲ್ಲಿ ಚೀಲ. ಅದರ ಪಟ್ಟಿಯನ್ನು ಅಂಚೆಯವನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದ.

"ಬೀಳ್ತಿದ್ದೋರನ್ನ ಹಿಡಿಯೋಕೆ ಓಡಿದ್ಲು. ಈ ಚೀಲದ ಪಟ್ಟಿ ನನ್ನ ಕೈಗೆ ಸಿಕ್ತು, ಉಳಿದ್ಲು" ಎಂದ ಅಂಚೆಯವನು. "ಮೂರು ತಿಂಗಳಿಂದ ಇದೇ ಕಥೆ ಕಣಯ್ಯ. ಮೈದಾನಕ್ಕೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ನಿಲ್ಲೋದು. 'ಒರಗಬೇಡ್ರೋ, ಒಳಗೆ ಟೊಳ್ಳು, ನನ್ನ ತಮ್ಮ ಹೇಳಿದಾನೆ' ಅಂತ ಬೊಬ್ಬೆ. ಬೈದ್ವಿ, ನಕ್ವಿ. ಆದ್ರೆ ಈ ಗಂಟಲಿಗೆ ಹೆದರಿ ಯಾರೂ ಒರಗ್ತಿರಲಿಲ್ಲ. ಇವತ್ತು ಬಿದ್ದೋರು ಮೂವರೂ ಹೊಸಬರು. ಮುದುಕಿ ಮಾತು ಅಂತ ಒರಗಿಬಿಟ್ರು. ಇವಳಿಲ್ದೇ ಇದ್ದಿದ್ರೆ ನಲವತ್ತು ಜನ ಆ ಕಂಬಿ ಮೇಲೆ ಇರ್ತಿದ್ವಿ."

ಬೆಸುಗೆಯಣ್ಣ ಅಕ್ಕನ ಮುಂದೆ ಬಂದು ನಿಂತ. ಅವನ ಬರಿಗಾಲನ್ನು ಅಕ್ಕ ನೋಡಿದಳು. ಬಸ್ ನಿಲ್ದಾಣವನ್ನೇ ಆಳಿದ ದನಿ ಪೂರ್ತಿ ಕಟ್ಟಿಹೋಗಿತ್ತು. ಗಾಳಿ ಮಾತ್ರ ಹೊರಬಂತು.

"ಸತ್ತಿಲ್ಲ ಕಣೋ."

ಅವನು ಮುಖ ತಿರುಗಿಸಿದ. ಅಕ್ಕ ಅವನ ಅಂಗಿಯ ತುದಿ ಜಗ್ಗಿದಳು.

"ಎಷ್ಟಾಗಿದೆ?"

"ಒಂದು ಸೊನ್ನೆ. ನಾವೇ."

"ಯಾರು ಹೊಡೆದಿದ್ದು? ನಾನು ನೋಡ್ಲಿಲ್ಲ."

"ಹತ್ತನೇ ನಂಬರು. ಎಡಗಾಲಲ್ಲಿ" ಎಂದ ಬೆಸುಗೆಯಣ್ಣ. "ಮೂಲೆಗೆ, ಕೆಳಗೆ. ಗೋಲಿ ಆಚೆ ಕಡೆ ಹಾರಿದ."

"ಎಡಗಾಲಲ್ಲಾ!" ಅಕ್ಕ ಕಣ್ಣರಳಿಸಿದಳು.

ಕಾಲು ಗಂಟೆಯೂ ಆಗಿರಲಿಲ್ಲ, ಮೈದಾನದಲ್ಲಿ ಮತ್ತೆ ಸೀಟಿ ಊದಿದರು. ಟೀವಿಯವರಿಗೆ ಹೊತ್ತಾಗಿತ್ತು. ಬಾಯಿಬಿಟ್ಟ ಕಂಬಿಗೆ ಅಡ್ಡ ಕಟ್ಟಿದ ಕೆಂಪು ಪಟ್ಟಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಆಗಲೇ ಕೆಲವರು ಅದರತ್ತ ಬಗ್ಗಿ ಮುಂದೆ ಮುಂದೆ ಸರಿಯುತ್ತಿದ್ದರು.

"ಹಿಂದೆ ಸರೀರಿ!" ಬೆಸುಗೆಯಣ್ಣನ ಕೂಗಿಗೆ ಮೆಟ್ಟಿಲೇ ಬೆಚ್ಚಿತು. ಅವನು ಇಳಿದು ಹೋಗಿ, ಬಾಯಿಬಿಟ್ಟ ಆ ಜಾಗದಲ್ಲಿ ಮೈದಾನಕ್ಕೆ ಬೆನ್ನು ಹಾಕಿ, ತುಕ್ಕು ಮೆತ್ತಿದ ಎರಡೂ ಕೈ ಅಗಲಿಸಿ ನಿಂತ. ಅವನ ಬೆನ್ನ ಹಿಂದೆ ಎಲ್ಲೋ ಚೆಂಡು ಒದ್ದ ಸದ್ದಾಯಿತು. ಮೂರನೇ ಸಾಲಿನಲ್ಲಿ ಅಕ್ಕ ಕತ್ತು ಒಂದಿಷ್ಟು ಪಕ್ಕಕ್ಕೆ ವಾಲಿಸಿ, ಅವನ ತೋಳಿನ ಮೇಲಿನಿಂದ ಹಸಿರನ್ನು ನೋಡುತ್ತಿದ್ದಳು.