ಲಾಂಡ್ರಿಯ ನಂಬರು

ಸರ್ವರಿನ ತಿಂಗಳ ಬಾಡಿಗೆಗೆ ಎಂಟು ಕೋಟು ಒಗೆದ ಕೂಲಿ. ಪ್ರೋಗ್ರಾಮು ಬರೆದ ಮೈದುನನಿಗೆ ಸಂಬಳವಿಲ್ಲ, ಮೂರು ಭಾನುವಾರದ ಊಟ ಅಷ್ಟೇ. ಜೊತೆಗೆ ಅವನ ಮಾತು ಕೇಳುವ ತಾಳ್ಮೆ. ಇಷ್ಟಕ್ಕೆ 'ನಿಮ್ಮ ಬಟ್ಟೆ ರೆಡಿ' ಎಂಬ ಮೆಸೇಜು ಅತ್ತಿಗೆಯ ಲಾಂಡ್ರಿಯಿಂದ, ಫೋನಿನ ಮೆಸೇಜ್ ಆ್ಯಪಿನ ಮೂಲಕ, ತಾನಾಗಿಯೇ ಹೋಗಬೇಕಿತ್ತು. ಹೋಗಬೇಕಾದದ್ದು ಹನ್ನೊಂದು ವರ್ಷದ ಹಳೆಯ ನಂಬರಿನಿಂದ. ಗಿರಾಕಿಗಳು ಕಣ್ಣು ಮುಚ್ಚಿ ನಂಬುತ್ತಿದ್ದುದು ಅದೊಂದನ್ನೇ.

ಎರಡು ದಿನ ಮೆಸೇಜು ಸರಿಯಾಗಿಯೇ ಹೋಯಿತು. ಮೂರನೆಯ ದಿನ ಬೆಳಿಗ್ಗೆಯೇ ಮೈದುನ ಲ್ಯಾಪ್‌ಟಾಪು ಅವುಚಿಕೊಂಡು ಬಂದ.

"ಅತ್ತಿಗೆ, ಫೋನ್ ಕೊಡಿ. ಕೋಡ್ ಸ್ಕ್ಯಾನ್ ಮಾಡಿ ಪ್ರೋಗ್ರಾಮನ್ನ ನಿಮ್ಮ ನಂಬರಿಗೆ ಲಾಗಿನ್ ಮಾಡ್ಬೇಕು."

"ನಿನ್ನೆ ಮಾಡಿದ್ಯಲ್ಲೋ!"

"ಪ್ರೋಗ್ರಾಮನ್ನ ಒಂಚೂರು ತಿದ್ದಿ ಸರ್ವರಿಗೆ ಮತ್ತೆ ಏರಿಸಿದೆ. ಲಾಗಿನ್ ಹೋಯ್ತು."

ಅಂದು ಲಾಗಿನ್ನು ಐದು ಸಲ ಹೋಯಿತು. ಸಂಜೆ ಕೌಂಟರಿನಲ್ಲಿ ನರ್ಸೊಬ್ಬಳು, "ಯೂನಿಫಾರಂ ರೆಡಿ ಅಂತ ಒಂದು ಮೆಸೇಜ್ ಹಾಕೋಕೆ ಏನ್ರೀ ಕಷ್ಟ?" ಎಂದು ಹರಿಹಾಯ್ದು ಹೋದಳು. ಮೈದುನ ಆರನೆಯ ಸಲ ಕೈಚಾಚಿದ.

"ಅದೇನು ಮರೆವೋ ಅದಕ್ಕೆ!" ಅತ್ತಿಗೆ ರೇಗಿದಳು. "ನಿಮ್ಮಣ್ಣನೇ ವಾಸಿ, ಮದುವೆಯಾದ ದಿನ ಒಂದೇ ಮರೆಯೋದು."

"ಪ್ರೋಗ್ರಾಮು ಕಂಟೇನರ್ ಒಳಗಿರುತ್ತೆ ಅತ್ತಿಗೆ. ಒಂದು ಡಬ್ಬಿ ಅಂದ್ಕೊಳ್ಳಿ. ಏನೇ ತಿದ್ದಿದ್ರೂ ಹಳೇ ಡಬ್ಬಿ ಬಿಸಾಕಿ ಹೊಸದು ಇಡೋದು. ಪದ್ಧತಿನೇ ಹಾಗೆ."

"ಲಾಗಿನ್ ಎಲ್ಲಿಟ್ಟಿದೀಯ?"

"ಡಬ್ಬಿ ಒಳಗೆ."

ಅತ್ತಿಗೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಜೇಬು ತಡಕದೆ ನಾನು ಇವತ್ತಿನವರೆಗೂ ಒಂದು ಪ್ಯಾಂಟೂ ನೀರಿಗೆ ಹಾಕಿಲ್ಲ. ನೀನು ಡಬ್ಬಿ ಎಸೆಯೋ ಮುಂಚೆ ಒಳಗೇನಿದೆ ಅಂತ ನೋಡಲ್ವೇನೋ?"

ಮೈದುನ ಲ್ಯಾಪ್‌ಟಾಪು ತೆರೆದ. ಅವನ ಕಿವಿ ಕೆಂಪಾಯಿತು. ಲಾಗಿನ್ನು ಡಬ್ಬಿಯ ಹೊರಗೆ, ಸರ್ವರಿನ ಬೇರೆ ಜಾಗದಲ್ಲಿ ಉಳಿಯುವಂತೆ ಮಾಡಲು ಎರಡೇ ಸಾಲು ಸಾಕಾಯಿತು.

"ಇದೇ ಕೊನೇ ಸಲ, ನಿಮ್ಮಾಣೆ," ಎಂದು ಫೋನ್ ಹಿಡಿದ.

ಕೋಡ್ ಸ್ಕ್ಯಾನ್ ಆಗಲಿಲ್ಲ. ಪರದೆಯ ಮೇಲೆ ಬೇರೆಯೇ ಮಾತು ಬಂತು: ಈ ನಂಬರಿನಿಂದ ಅತಿಯಾಗಿ ಲಾಗಿನ್ ಆಗಿದೆ, ಖಾತೆಯನ್ನು ಮುಚ್ಚಲಾಗಿದೆ.

"ಮುಚ್ಚಲಾಗಿದೆ ಅಂದ್ರೆ?"

"ಆ್ಯಪಿನವರಿಗೆ ಅರ್ಜಿ ಹಾಕ್ತೀನಿ ಅತ್ತಿಗೆ. ಖಾತೆ ವಾಪಸ್ ಕೊಡ್ತಾರೆ."

ವಾರದಲ್ಲಿ ನಾಲ್ಕು ಅರ್ಜಿ ಹಾಕಿದ. ನಾಲ್ಕಕ್ಕೂ, ಆಗುವುದಿಲ್ಲ ಎಂಬ, ಅಕ್ಷರ ಬದಲಾಗದ ಒಂದೇ ಉತ್ತರ ಬಂತು.

"ಅಲ್ಲಿ ಕೂತಿರೋದೂ ನಿನ್ನದರಂಥದೇ ಒಂದು ಡಬ್ಬಿ," ಎಂದಳು ಅತ್ತಿಗೆ. ಅವನು ತಲೆ ತಗ್ಗಿಸಿಕೊಂಡೇ ಇದ್ದುದನ್ನು ನೋಡಿ, "ಊಟಕ್ಕೇಳು. ಹೊಸ ನಂಬರು ತರೋಣ," ಎಂದಳು.

ಹೊಸ ನಂಬರಿನ ಲಾಗಿನ್ನು ಡಬ್ಬಿ ಎಷ್ಟು ಸಲ ಬದಲಾದರೂ ಅಳಿಸಿಹೋಗಲಿಲ್ಲ. ಆದರೆ ಗುರುತಿಲ್ಲದ ನಂಬರು ಯಾರಿಗೆ ಬೇಕು? ಹಳೆಯ ಆರುನೂರು ಗಿರಾಕಿಗಳಲ್ಲಿ ಅದನ್ನು ನಂಬಿ ಉತ್ತರ ಕೊಟ್ಟವರು ಇನ್ನೂರ ಹತ್ತು ಜನ. ಉಳಿದವರಿಗೆ ಅತ್ತಿಗೆ ಇಂದಿಗೂ ಒಬ್ಬೊಬ್ಬರಿಗೂ ತಾನೇ ಫೋನು ಮಾಡಿ, ಬಟ್ಟೆ ರೆಡಿ ಎಂದು ಹೇಳುತ್ತಾಳೆ.